ಆಗುತ್ತೆ, ಇಲ್ಲಾ ಆಗಲ್ಲ; ಹಾಗಾದರೆ ಅರ್ಧವೇ?

‘ಒಂದೋ ಆಗುತ್ತೆ, ಇಲ್ಲಾ ಆಗಲ್ಲ. ಎರಡೇ ಅಲ್ವಾ ಮಿಸ್? ಹಾಗಾದ್ರೆ ಅರ್ಧ.’

ಸಂಭವನೀಯತೆಯ ಪಾಠ ಶುರುವಾದ ವಾರ ಈ ಮಾತು ಕೇಳಿಬರದ ತರಗತಿ ಅಪರೂಪ. ಹೀಗೆನ್ನುವ ಮಗು ದಡ್ಡ ಅಲ್ಲ. ಎರಡು ಫಲಿತಗಳಿವೆ ಎಂದು ಸರಿಯಾಗಿಯೇ ಎಣಿಸಿದೆ. ಆ ಎರಡಕ್ಕೂ ಸಮಾನ ಅವಕಾಶ ಇದೆಯೇ ಎಂದು ಕೇಳಿಕೊಂಡಿಲ್ಲ, ಅಷ್ಟೆ. ಇಡೀ ಪಾಠದ ತಿರುಳು ಇರುವುದೇ ಆ ಪ್ರಶ್ನೆಯಲ್ಲಿ. ನಾವೋ ಮೊದಲ ದಿನವೇ ಬೋರ್ಡಿನ ಮೇಲೆ ಸೂತ್ರ ಬರೆದುಬಿಡುತ್ತೇವೆ: ಮೇಲೆ ಅನುಕೂಲಕರ ಫಲಿತಗಳ ಸಂಖ್ಯೆ, ಕೆಳಗೆ ಒಟ್ಟು ಫಲಿತಗಳ ಸಂಖ್ಯೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಮನಸ್ಸಿನೊಳಗಿನ ‘ಅರ್ಧ’ ಮಾತ್ರ ಹಾಗೇ ಉಳಿದು ಅವರ ಜೊತೆ ಕಾಲೇಜಿಗೂ ಹೋಗುತ್ತದೆ.

ಸೂತ್ರ ಕೊನೆಗೆ ಬರಲಿ. ಮೊದಲು ಊಹೆ, ಆಮೇಲೆ ಎಣಿಕೆ, ಆಮೇಲೆ ‘ಇವೆಲ್ಲಕ್ಕೂ ಸಮಾನ ಅವಕಾಶ ಇದೆಯೇ?’ ಎಂಬ ಪ್ರಶ್ನೆ. ಎಂಟರಿಂದ ಹತ್ತನೇ ತರಗತಿವರೆಗಿನ ಮಕ್ಕಳಿಗೆ ಈ ಕ್ರಮದಲ್ಲಿ ಕಲಿಸಲು ಏನೇನು ಮಾಡಬಹುದು ಎಂಬುದನ್ನು ಶಿಕ್ಷಕರಿಗೂ ಟ್ಯೂಷನ್ ಹೇಳುವವರಿಗೂ ಸಂಜೆ ಮಕ್ಕಳನ್ನು ಪುಸ್ತಕದ ಮುಂದೆ ಕೂರಿಸಿಕೊಳ್ಳುವ ಅಪ್ಪ ಅಮ್ಮಂದಿರಿಗೂ ಹೇಳುವುದು ಇಲ್ಲಿನ ಉದ್ದೇಶ. ಉದಾಹರಣೆಗಳೆಲ್ಲ ಅತ್ತಿಗುಪ್ಪೆ ಸುತ್ತಮುತ್ತಲಿನವು. ಬೇರೆ ಬಡಾವಣೆಯವರು ತಮ್ಮ ಬೀದಿಯ ಹೆಸರು ಹಾಕಿಕೊಳ್ಳಬಹುದು.

ಮೊದಲ ಪೀರಿಯಡ್‌ಗೆ ಒಂದು ಸೀಮೆಸುಣ್ಣ ಸಾಕು. ನೆಲದ ಮೇಲೆ ಉದ್ದನೆಯ ಗೆರೆ ಎಳೆದು ಒಂದು ತುದಿಗೆ 0, ಇನ್ನೊಂದು ತುದಿಗೆ 1, ನಡುವೆ ½ ಎಂದು ಬರೆಯಿರಿ. ನೀವು ಒಂದೊಂದೇ ಸಂಗತಿ ಹೇಳಿದಂತೆ ಮಕ್ಕಳು ತಮಗೆ ಸರಿ ಎನಿಸಿದ ಜಾಗದಲ್ಲಿ ಹೋಗಿ ನಿಲ್ಲಲಿ. ‘ಅತ್ತಿಗುಪ್ಪೆಯಿಂದ ಮೆಜೆಸ್ಟಿಕ್ ಕಡೆ ಹೊರಟ ಮೆಟ್ರೊಗೆ ಮುಂದಿನ ನಿಲ್ದಾಣ ವಿಜಯನಗರ.’ ಎಲ್ಲರೂ 1ರ ಹತ್ತಿರ ಓಡುತ್ತಾರೆ. ಇದು ಖಚಿತ ಘಟನೆ. ‘ಅದರ ಮುಂದಿನ ನಿಲ್ದಾಣ ಜಯನಗರ.’ ಜಯನಗರ ಇರುವುದು ಹಸಿರು ಮಾರ್ಗದಲ್ಲಿ, ಆದ್ದರಿಂದ 0; ಇದು ಅಸಂಭವ ಘಟನೆ. ‘ನಾಳೆ ಮಧ್ಯಾಹ್ನ ಮಳೆ ಬರುತ್ತದೆ’ ಎಂದಾಗ ಮಾತ್ರ ಗುಂಪು ಚದುರುತ್ತದೆ. ಚದುರಲಿ, ವಾದ ಮಾಡಲಿ. ಜನವರಿಯಲ್ಲಿ ನಿಂತ ಜಾಗದಲ್ಲೇ ಆಗಸ್ಟ್‌ನಲ್ಲೂ ನಿಲ್ಲುತ್ತೀಯಾ ಎಂದು ಕೇಳಿ. ಮಳೆಗೆ ‘ಬರುತ್ತೆ, ಬರಲ್ಲ’ ಎಂಬ ಎರಡೇ ಫಲಿತಗಳಿದ್ದರೂ ಯಾರೂ ಕಣ್ಣುಮುಚ್ಚಿ ½ರ ಮೇಲೆ ನಿಲ್ಲುವುದಿಲ್ಲ. ಇದನ್ನು ಅವರ ಬಾಯಿಂದಲೇ ಹೇಳಿಸಿದರೆ ಆ ದಿನದ ಪಾಠ ಮುಗಿಯಿತು.

ಬೀದಿಯಲ್ಲಿ ನಿಂತು ಎಣಿಸುವುದು

ಎರಡನೆಯ ಪಾಠ ಮೆಟ್ರೊ ಮಾರ್ಗದ ಕೆಳಗಿನ ರಸ್ತೆಯಲ್ಲಿ. ದೊಡ್ಡವರೊಬ್ಬರ ಜೊತೆ ಮಕ್ಕಳು ಫುಟ್‌ಪಾತಿನ ಒಳಬದಿಯಲ್ಲಿ ನಿಲ್ಲಬೇಕು. ಕೈಯಲ್ಲಿ ನೋಟ್‌ಬುಕ್, ಪೆನ್ಸಿಲ್. ಮುಂದೆ ಹಾದುಹೋಗುವ ವಾಹನದ ನಂಬರ್ ಪ್ಲೇಟ್ ಕೆಎ-02 ಆಗಿರುವ ಸಂಭವ ಎಷ್ಟು ಎಂದು ಮೊದಲೇ ಊಹಿಸಿ ಬರೆಯಲಿ. ‘ಕೆಎ-02 ಇರುತ್ತೆ, ಇಲ್ಲಾ ಇರಲ್ಲ, ಅರ್ಧ’ ಎನ್ನುವವನಿಗೆ ಈಗಲೇ ಏನೂ ಹೇಳಬೇಡಿ. ನೂರು ವಾಹನ ಎಣಿಸಿ ಗೀಟು ಹಾಕಲಿ. ಕೆಎ-02 ರಾಜಾಜಿನಗರದ್ದು, ಕೆಎ-41 ಜ್ಞಾನಭಾರತಿಯದ್ದು, ಕೆಎ-05 ಜಯನಗರದ್ದು. ಈ ಮೂರಕ್ಕೂ ಪ್ರತ್ಯೇಕ ಕಾಲಂ, ಉಳಿದದ್ದಕ್ಕೆಲ್ಲ ಸೇರಿ ಒಂದು. ನೂರರಲ್ಲಿ ಎಷ್ಟು ಎಂಬುದೇ ಇಲ್ಲಿ ಉತ್ತರ. ಎಣಿಸಿಯೇ ತಿಳಿಯಬೇಕಾದ ಈ ಬಗೆಯದು ಪ್ರಾಯೋಗಿಕ ಸಂಭವನೀಯತೆ. ಇದೇ ಎಣಿಕೆಯನ್ನು ಜಯನಗರದಲ್ಲೋ ಮೈಸೂರಿನಲ್ಲೋ ಮಾಡಿದರೆ ಅಂಕಿ ಬೇರೆಯೇ ಬರುತ್ತದೆ. ರಜೆಗೆ ಅಜ್ಜಿ ಊರಿಗೆ ಹೋಗುವ ಮಕ್ಕಳಿಗೆ ಇದೊಂದು ಒಳ್ಳೆಯ ಕೆಲಸ.

ಆಮೇಲೆ ಅದೇ ವಾಹನಗಳ ಕೊನೆಯ ಅಂಕಿಯನ್ನಷ್ಟೇ ಗಮನಿಸಲು ಹೇಳಿ. 0ಯಿಂದ 9ರವರೆಗೆ ಹತ್ತು ಫಲಿತ. ಸಂಖ್ಯೆಗಳನ್ನು ಸರದಿಯಂತೆ ಕೊಡುವುದರಿಂದ ಇವು ಹತ್ತಕ್ಕೂ ಹೆಚ್ಚುಕಡಿಮೆ ಸಮಾನ ಅವಕಾಶ ಇರಬೇಕು. ಇನ್ನೂರು ವಾಹನ ನೋಡಿದರೆ ಒಂದೊಂದು ಅಂಕಿಯೂ 20 ಸಲದ ಆಸುಪಾಸು ಬರಬೇಕು. ಒಂದು 16 ಸಲ, ಇನ್ನೊಂದು 24 ಸಲ ಬಂದರೆ ಗಾಬರಿ ಬೇಡ. ಅಷ್ಟು ಏರುಪೇರು ಸಹಜ. ಆದರೆ ಮೆಚ್ಚಿನ ಸಂಖ್ಯೆಯನ್ನು ಹಣ ಕಟ್ಟಿ ಪಡೆಯುವವರಿದ್ದಾರೆ. ಕೂಡಿದರೆ ಒಂಬತ್ತು ಬರಬೇಕೆಂದು ಹಟ ಹಿಡಿಯುವವರು, ಎಂಟು ಬೇಡವೇ ಬೇಡ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದರಿಂದ ‘ಸಮಾನ’ ಎಂಬುದು ಕದಡಬಹುದೇ? ಮಕ್ಕಳೇ ಪರೀಕ್ಷಿಸಲಿ. ಎಂಟನೇ ತರಗತಿಯವರು ಕೂಡ ಇದನ್ನು ನಿಜವಾದ ಸಂಶೋಧನೆಯಂತೆ ಮಾಡಬಲ್ಲರು.

ಈ ಎಣಿಕೆಯೇ ಒಂದು ದೊಡ್ಡ ವಿದ್ಯೆ ಎಂದೂ ಅವರಿಗೆ ಹೇಳಬೇಕು. ಅತ್ತಿಗುಪ್ಪೆಯಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ಕಡೆ ಹೋದರೆ ಎಂಟನೇ ಮೈಲಿಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ. ಇದೇ ಸಂಸ್ಥೆಯ ಕಲ್ಕತ್ತೆಯ ಮೂಲ ಕೇಂದ್ರದಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ನೂರೆರಡರ ವಯಸ್ಸಿನಲ್ಲಿ, 2023ರಲ್ಲಿ, ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಅವರು ತೀರಿಕೊಂಡರು. ಇಂಥ ಹೆಸರು ಮಕ್ಕಳ ಕಿವಿಗೆ ಬೀಳಲಿ.

ರಸ್ತೆಯಿಂದ ತಲೆ ಎತ್ತಿದರೆ ಮೆಟ್ರೊ. ನೇರಳೆ ಮಾರ್ಗದ ರೈಲು ಅತ್ತಿಗುಪ್ಪೆಗೆ ಎರಡು ದಿಕ್ಕಿನಿಂದ ಬರುತ್ತದೆ: ಒಂದು ಚಲ್ಲಘಟ್ಟದ ಕಡೆ ಹೋಗುವುದು, ಇನ್ನೊಂದು ವೈಟ್‌ಫೀಲ್ಡ್ ಕಡೆ ಹೋಗುವುದು. ಯಾವುದೋ ಹೊತ್ತಿನಲ್ಲಿ ನಿಲ್ದಾಣಕ್ಕೆ ಹೋಗಿ ನಿಂತರೆ ಮೊದಲು ಬರುವುದು ವೈಟ್‌ಫೀಲ್ಡ್ ರೈಲಾಗಿರುವ ಸಂಭವ ಎಷ್ಟು? ಎರಡೂ ಕಡೆಗೆ ಅಷ್ಟೇ ರೈಲುಗಳು, ಆದ್ದರಿಂದ ಅರ್ಧ ಎಂದು ದೊಡ್ಡವರೂ ಹೇಳುತ್ತಾರೆ. ಈಗ ಒಂದು ವೇಳಾಪಟ್ಟಿ ಕಲ್ಪಿಸಿಕೊಳ್ಳಿ. ಎರಡೂ ಕಡೆ ಹತ್ತು ನಿಮಿಷಕ್ಕೊಂದು ರೈಲು. ಚಲ್ಲಘಟ್ಟದ್ದು 4 ಗಂಟೆಗೆ, 4.10ಕ್ಕೆ, 4.20ಕ್ಕೆ, ವೈಟ್‌ಫೀಲ್ಡಿನದು 4.01ಕ್ಕೆ, 4.11ಕ್ಕೆ, 4.21ಕ್ಕೆ. ವೈಟ್‌ಫೀಲ್ಡ್ ರೈಲು ಮೊದಲು ಸಿಗಬೇಕಾದರೆ 4 ಗಂಟೆಗೂ 4.01ಕ್ಕೂ ನಡುವಿನ ಆ ಒಂದೇ ನಿಮಿಷದಲ್ಲಿ ನೀವು ಬಂದಿರಬೇಕು. ಉಳಿದ ಒಂಬತ್ತು ನಿಮಿಷದಲ್ಲಿ ಯಾವಾಗ ಬಂದರೂ ಮೊದಲು ಸಿಗುವುದು ಚಲ್ಲಘಟ್ಟದ್ದೇ. ಸಂಭವನೀಯತೆ 1/10. ರೈಲುಗಳ ಸಂಖ್ಯೆ ಸಮ, ಅವಕಾಶ ಸಮ ಅಲ್ಲ. ಕಾಗದದ ಮೇಲೆ ಹತ್ತು ಚೌಕ ಬರೆದು, ಒಂದೊಂದು ನಿಮಿಷಕ್ಕೂ ಯಾವ ರೈಲು ಮೊದಲು ಎಂದು ಬಣ್ಣ ತುಂಬಿಸಿದರೆ ಏಳನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ‘ಎರಡೇ ಫಲಿತ, ಆದ್ದರಿಂದ ಅರ್ಧ’ ಎಂಬ ನಂಬಿಕೆಯನ್ನು ಅಲುಗಾಡಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಗೊತ್ತಿಲ್ಲ.

ನಾಣ್ಯ ಚಿಮ್ಮುವ ಮೊದಲು

ನಾಣ್ಯದ ಪಾಠ ಸುಲಭ ಎಂದು ಬೇಗ ಮುಗಿಸಬೇಡಿ. ಮೊದಲಿಗೆ, ನಮ್ಮ ನಾಣ್ಯದಲ್ಲಿ ಯಾವುದು ಶಿರ, ಯಾವುದು ಪುಚ್ಛ ಎಂದೇ ಜಗಳ ಶುರುವಾಗುತ್ತದೆ. ಸಿಂಹಗಳಿರುವ ಮುಖ ಶಿರ, ಬೆಲೆ ಬರೆದ ಮುಖ ಪುಚ್ಛ ಎಂದು ಮೊದಲೇ ತೀರ್ಮಾನ ಮಾಡಿ. ಆಮೇಲೆ ಕೇಳಿ: ಹತ್ತು ಸಲ ಚಿಮ್ಮಿದರೆ ಎಷ್ಟು ಸಲ ಶಿರ? ‘ಐದು’ ಎಂದು ತರಗತಿಯೇ ಕೂಗುತ್ತದೆ. ಚಿಮ್ಮಿಸಿ ನೋಡಿ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಸರಿಯಾಗಿ ಐದೇ ಬರುವುದು ಹತ್ತು ಮಕ್ಕಳಿಗೆ ಅಂದಾಜು. ಲೆಕ್ಕದ ಪ್ರಕಾರ ಅದರ ಸಂಭವ ನೂರಕ್ಕೆ 25ಕ್ಕಿಂತ ತುಸು ಕಡಿಮೆ. ಮೂರರಿಂದ ಏಳರೊಳಗೆ ಬರುವುದು ಮಾತ್ರ ನೂರಕ್ಕೆ 89. ಎಂಟು ಬಂದ ಮಗು ‘ನನ್ನ ನಾಣ್ಯ ಸರಿಯಿಲ್ಲ’ ಎನ್ನುತ್ತದೆ, ಎರಡು ಬಂದದ್ದು ಸುಮ್ಮನೆ ಐದು ಎಂದು ತಿದ್ದಿಬಿಡುತ್ತದೆ. ಹಾಗೆ ತಿದ್ದದಂತೆ ನೋಡಿಕೊಳ್ಳುವುದೇ ಶಿಕ್ಷಕರ ಮುಖ್ಯ ಕೆಲಸ. ಬಂದದ್ದನ್ನು ಬಂದ ಹಾಗೆ ಬರೆದಾಗಷ್ಟೇ ಎಲ್ಲರ ನಾನೂರು ಚಿಮ್ಮುವಿಕೆಯನ್ನು ಕೂಡಿಸಿ ನೋಡುವುದಕ್ಕೆ ಬೆಲೆ. ಅದರಲ್ಲಿ ಶಿರಗಳ ಮೊತ್ತ ಬಹುಪಾಲು 180ರಿಂದ 220ರ ನಡುವೆ ಕೂರುತ್ತದೆ. ಪುಸ್ತಕದಲ್ಲಿರುವ ಹಳೆಯ ಪ್ರಯೋಗಗಳನ್ನು ಆಗ ತೋರಿಸಿ: ಬಫನ್ 4,040 ಸಲ ಚಿಮ್ಮಿ 2,048 ಶಿರ ಪಡೆದ, ಕೆರಿಚ್ 10,000ದಲ್ಲಿ 5,067, ಕಾರ್ಲ್ ಪಿಯರ್‌ಸನ್ 24,000ದಲ್ಲಿ 12,012. ಎಣಿಕೆ ಬೆಳೆದಂತೆ ಭಿನ್ನರಾಶಿ ಅರ್ಧಕ್ಕೆ ಹತ್ತಿರವಾಗುವುದನ್ನು ಮಕ್ಕಳೇ ಭಾಗಾಕಾರ ಮಾಡಿ ನೋಡಲಿ.

ಇನ್ನೊಂದು ಚಟುವಟಿಕೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಅರ್ಧ ಮಕ್ಕಳು ಮನೆಯಲ್ಲಿ ನಿಜವಾಗಿಯೂ ನೂರು ಸಲ ನಾಣ್ಯ ಚಿಮ್ಮಿ ಬರೆದು ತರಲಿ. ಉಳಿದರ್ಧ ಚಿಮ್ಮದೆ, ತಲೆಗೆ ತೋಚಿದಂತೆ ಶಿ, ಪು, ಪು, ಶಿ ಎಂದು ನೂರು ಬರೆದು ತರಲಿ. ಯಾರದು ಯಾವ ಬಗೆ ಎಂದು ಹೆಸರು ಹಾಕದೆ ಕೊಟ್ಟರೂ ನೀವು ಬಹುತೇಕ ಪತ್ತೆ ಹಚ್ಚಬಲ್ಲಿರಿ. ನಿಜವಾಗಿ ಚಿಮ್ಮಿದ ನೂರರಲ್ಲಿ ಒಂದೇ ಮುಖ ಸಾಲಾಗಿ ಐದು ಸಲವಾದರೂ ಬೀಳುವ ಸಂಭವ ನೂರಕ್ಕೆ 97ರಷ್ಟು. ಕಲ್ಪಿಸಿ ಬರೆಯುವವರು ಮೂರು ಶಿರ ಆದ ಕೂಡಲೇ ‘ಇನ್ನು ಪುಚ್ಛ ಬರಬೇಕು’ ಎಂದು ಹೆದರಿ ಬದಲಿಸಿಬಿಡುತ್ತಾರೆ. ನಾಣ್ಯಕ್ಕೆ ನೆನಪಿಲ್ಲ ಎಂಬುದನ್ನು ಉಪನ್ಯಾಸ ಕೊಟ್ಟು ಕಲಿಸಲಾಗದು. ಈ ಪತ್ತೆದಾರಿ ಆಟ ಅದನ್ನು ಒಂದೇ ದಿನದಲ್ಲಿ ಕಲಿಸುತ್ತದೆ.

ಎರಡು ನಾಣ್ಯ ಒಟ್ಟಿಗೆ ಚಿಮ್ಮುವಾಗ ಎರಡೂ ಒಂದೇ ಬೆಲೆಯವು ಬೇಡ. ಒಂದು ರೂಪಾಯಿಯದು ಒಂದು, ಐದು ರೂಪಾಯಿಯದು ಒಂದು ಇರಲಿ. ಎರಡೂ ಶಿರ, ಎರಡೂ ಪುಚ್ಛ, ಒಂದೊಂದು ಎಂದು ಮೂರೇ ಫಲಿತ ಎಣಿಸಿ ಪ್ರತಿಯೊಂದಕ್ಕೂ 1/3 ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ಗದರಬೇಡಿ. ಫ್ರಾನ್ಸಿನ ಹೆಸರಾಂತ ಗಣಿತಜ್ಞ ಡಿ ಅಲೆಂಬರ್ ಕೂಡ 18ನೇ ಶತಮಾನದ ಮಧ್ಯದಲ್ಲಿ ಇದೇ ಜಾಗದಲ್ಲಿ ತಪ್ಪಿದ್ದ. ನಾಣ್ಯಗಳು ಬೇರೆ ಬೇರೆಯಾಗಿದ್ದರೆ ‘ರೂಪಾಯಿ ಶಿರ, ಐದು ಪುಚ್ಛ’ ಬೇರೆ, ‘ರೂಪಾಯಿ ಪುಚ್ಛ, ಐದು ಶಿರ’ ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ. ಫಲಿತ ನಾಲ್ಕು, ಒಂದೊಂದು ಬೀಳುವುದಕ್ಕೆ 2/4.

ಚೌಕಾಬಾರದ ಲೆಕ್ಕ

ಪಠ್ಯಪುಸ್ತಕದಲ್ಲಿ ನಾಣ್ಯ, ದಾಳ, ಇಸ್ಪೀಟು ಎಲೆ ಇವೆ. ನಮ್ಮ ಮನೆಗಳಲ್ಲಿ ಇವಕ್ಕಿಂತ ಒಳ್ಳೆಯ ಸಾಧನ ಇದೆ, ಅದು ಚೌಕಾಬಾರ. ಅತ್ತಿಗುಪ್ಪೆಯ ಹಳೆಯ ಮನೆಗಳ ಅಜ್ಜಿಯರು ಈಗಲೂ ಇದರ ಮನೆ ಬರೆದು ತೋರಿಸಬಲ್ಲರು: ಐದಕ್ಕೈದು ಚೌಕ, ನಡುವೆ ಹಣ್ಣಾಗುವ ಮನೆ. ದಾಳದ ಬದಲು ನಾಲ್ಕು ಕವಡೆ, ಇಲ್ಲವೇ ಹುಣಸೆ ಬೀಜ. ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರೆ ಆಯಿತು. ಒಂದು ಬಿಳಿ ಬಿದ್ದರೆ ಒಂದು, ಎರಡು ಬಿದ್ದರೆ ಎರಡು, ಮೂರು ಬಿದ್ದರೆ ಮೂರು. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಂದಾದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಆಟ ಸಿಗುತ್ತದೆ. ಮನೆಯಿಂದ ಮನೆಗೆ ನಿಯಮ ಕೊಂಚ ಬದಲಾಗುವುದುಂಟು.

ಒಂದರಿಂದ ನಾಲ್ಕರವರೆಗಿನ ಪ್ರತಿಯೊಂದಕ್ಕೂ, ಎಂಟಕ್ಕೂ, ಸಮಾನ ಅವಕಾಶ ಇದೆಯೇ? ಆಡಿದವರಿಗೆಲ್ಲ ಗೊತ್ತು, ಇಲ್ಲ. ಎರಡು ಬೀಳುವಷ್ಟು ಸಲ ಚೌಕ ಬೀಳುವುದಿಲ್ಲ. ಏಕೆ ಎಂದು ತಿಳಿಯಲು ಬೀಜಗಳ ಮೇಲೆ ಪೆನ್ನಿನಿಂದ 1, 2, 3, 4 ಎಂದು ಗುರುತು ಹಾಕಿ, ಬಿಳಿಗೆ ‘ಬಿ’, ಕಂದಿಗೆ ‘ಕಂ’ ಎಂದು ಎಲ್ಲ ಸಾಧ್ಯತೆಗಳನ್ನೂ ಪಟ್ಟಿ ಮಾಡಿಸಿ. ಹದಿನಾರು ಸಾಲು ಬರುತ್ತವೆ. ಬಿಳಿಯೇ ಇಲ್ಲದ್ದು 1, ಒಂದು ಬಿಳಿ 4, ಎರಡು ಬಿಳಿ 6, ಮೂರು ಬಿಳಿ 4, ನಾಲ್ಕೂ ಬಿಳಿ 1. ಎರಡು ಬೀಳುವ ಸಂಭವ 6/16, ಚೌಕದ್ದು 1/16. ಮರು ಆಟ ಸಿಗುವುದು ಚೌಕಕ್ಕೋ ಬಾರಕ್ಕೋ, ಅಂದರೆ 2/16; ಎಂಟು ಆಟದಲ್ಲಿ ಒಂದು ಸಲದ ಲೆಕ್ಕ. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆ ಆರು ಎಂಬ ಲೆಕ್ಕಕ್ಕೆ ಕನ್ನಡನಾಡಿನಲ್ಲೇ ಹಳೆಯ ಬೇರಿದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಆಯ್ಕೆಗಳಿಗೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದ. ನಾಲ್ಕನ್ನು ಮೂರರಿಂದ ಗುಣಿಸಿ, ಒಂದು ಗುಣಿಸು ಎರಡರಿಂದ ಭಾಗಿಸಿ: ಆರು. ಪಾಸ್ಕಲ್ ಮತ್ತು ಫರ್ಮಾ ಜೂಜಿನ ಲೆಕ್ಕದ ಬಗ್ಗೆ ಪತ್ರ ಬರೆದುಕೊಂಡು ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದ್ದು ಅದಾಗಿ ಎಷ್ಟೋ ಶತಮಾನಗಳ ಮೇಲೆ, 1654ರಲ್ಲಿ.

ಇಲ್ಲಿಗೆ ನಿಲ್ಲಿಸಬೇಡಿ. ಹದಿನಾರು ಸಾಲಿಗೂ ಸಮಾನ ಅವಕಾಶ ಇರಬೇಕಾದರೆ ಒಂದೊಂದು ಬೀಜವೂ ಬಿಳಿ, ಕಂದು ಎರಡಕ್ಕೂ ಸಮವಾಗಿ ಬೀಳಬೇಕು. ಬೀಳುತ್ತದೆಯೇ? ಒಂದು ಬೀಜ ಹಿಡಿದು ನೂರು ಸಲ ಹಾಕಿಸಿ. ಆಮೇಲೆ ಗ್ರಂಥಿಗೆ ಅಂಗಡಿಯಿಂದ ಕವಡೆ ತಂದು ಅದನ್ನೂ ನೂರು ಸಲ ಹಾಕಿಸಿ. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡಕ್ಕೂ ಅರ್ಧರ್ಧ ಎನ್ನಲು ಕಾರಣವೇ ಇಲ್ಲ. ಒಂದು ಕವಡೆ ನೂರಕ್ಕೆ 40 ಸಲ ಮಾತ್ರ ಬಾಯಿ ಮೇಲಾಗಿ ಬೀಳುತ್ತದೆ ಎಂದುಕೊಳ್ಳೋಣ. ಆಗ ನಾಲ್ಕೂ ಬಾಯಿ ಮೇಲಾಗುವ ಚೌಕ ನೂರಕ್ಕೆ ಎರಡೂವರೆ ಸಲದಷ್ಟು, ನಾಲ್ಕೂ ಬೋರಲಾಗುವ ಬಾರ ಹದಿಮೂರು ಸಲದಷ್ಟು. ಒಂದಕ್ಕೆ ಇನ್ನೊಂದು ಐದುಪಟ್ಟು! ನಿಮ್ಮ ಮನೆಯ ಕವಡೆ ಎಷ್ಟು ಎಂಬುದನ್ನು ನಿಮ್ಮ ಮಗುವೇ ಹಾಕಿ ನೋಡಿ ಹೇಳಬೇಕು, ಯಾವ ಪುಸ್ತಕದಲ್ಲೂ ಅದು ಇಲ್ಲ.

ಪಗಡೆಯ ಉದ್ದ ದಾಳ ಸಿಕ್ಕರೆ ಅದನ್ನೂ ಬಳಸಿ. ಅದಕ್ಕೆ ನಾಲ್ಕೇ ಮಗ್ಗುಲು: 1, 3, 4, 6. ಎರಡು ದಾಳ ಉರುಳಿಸಿದರೆ ಹದಿನಾರು ಫಲಿತ. ಮೊತ್ತ ಏಳು ಬರುವುದು ನಾಲ್ಕು ಬಗೆಯಲ್ಲಿ. ಮೂರು, ಹನ್ನೊಂದು ಬರುವುದು ಸಾಧ್ಯವೇ ಇಲ್ಲ. ಅಸಂಭವ ಘಟನೆಗೆ ಇದಕ್ಕಿಂತ ಚೆಂದದ ಉದಾಹರಣೆ ಬೇಕೆ? ಆರು ಮುಖದ ಎರಡು ದಾಳಕ್ಕೆ ಬಂದಾಗ ಮೊತ್ತ 2ರಿಂದ 12, ಹನ್ನೊಂದು ಫಲಿತ, ಆದ್ದರಿಂದ ಒಂದೊಂದಕ್ಕೂ 1/11 ಎಂಬ ತಪ್ಪು ಆಗ ತಾನಾಗಿ ಕಳಚಿಕೊಳ್ಳುತ್ತದೆ. ಆರು ಸಾಲು, ಆರು ಕಂಬದ ಚೌಕಟ್ಟು ಬರೆದು 36 ಮನೆ ತುಂಬಿಸಿದರೆ ಏಳು ಓರೆಯಾಗಿ ಆರು ಸಲ ಕಾಣುತ್ತದೆ, ಎರಡು ಒಂದೇ ಸಲ.

ಚೀಲದಿಂದ ಬಟನ್ ತೆಗೆಯುವ ಲೆಕ್ಕಕ್ಕೆ ಒಂದೇ ಎಚ್ಚರಿಕೆ: ಬಣ್ಣ ಬೇರೆಯಾಗಿರಲಿ, ಗಾತ್ರ ಒಂದೇ ಇರಲಿ. ಕೈಗೆ ವ್ಯತ್ಯಾಸ ತಿಳಿದರೆ ಸಮಾನ ಅವಕಾಶ ಹೋಯಿತು.

ಪರೀಕ್ಷೆಗೆ ಬೇಕಾದ್ದು

ಎಸ್‌ಎಸ್‌ಎಲ್‌ಸಿ ಮಕ್ಕಳು ಅಂಕ ಕಳೆದುಕೊಳ್ಳುವ ಜಾಗಗಳು ಕೆಲವೇ. ಇಸ್ಪೀಟು ಎಲೆಯನ್ನು ಮನೆಯಲ್ಲಿ ಮುಟ್ಟಲು ಬಿಡದ ಕುಟುಂಬಗಳು ಬಹಳ. ಅಂಥ ಮಕ್ಕಳಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಒಂದು ಕಟ್ಟು ತಂದು ನಾಲ್ಕು ಸಾಲಿಗೆ ಹದಿಮೂರರಂತೆ 52 ಎಲೆ ಹರಡಿ ತೋರಿಸಿ. ಕೆಂಪು 26, ಕಪ್ಪು 26. ರಾಜ, ರಾಣಿ, ಗುಲಾಮ ಮಾತ್ರ ಮುಖದ ಎಲೆಗಳು, ಒಟ್ಟು 12. ಎಕ್ಕ ಅದರಲ್ಲಿ ಸೇರುವುದಿಲ್ಲ. ದಾಳದ ಅವಿಭಾಜ್ಯ ಸಂಖ್ಯೆಗಳು 2, 3, 5. ಒಂದನ್ನು ಸೇರಿಸುವವರು ಪ್ರತಿ ವರ್ಷ ಸಿಗುತ್ತಾರೆ. ‘ಕನಿಷ್ಠ ಒಂದು’ ಎಂಬ ಮಾತು ಕಂಡರೆ ಪೂರಕ ಘಟನೆ ನೆನಪಾಗಬೇಕು: ಎರಡು ನಾಣ್ಯದಲ್ಲಿ ಕನಿಷ್ಠ ಒಂದು ಶಿರ ಎಂದರೆ 1ರಿಂದ ‘ಶಿರವೇ ಇಲ್ಲ’ ಎಂಬ 1/4 ಕಳೆದರೆ 3/4. ಉತ್ತರ ಒಂದಕ್ಕಿಂತ ಹೆಚ್ಚು ಬಂದರೆ ಎಲ್ಲೋ ತಪ್ಪಿದೆ ಎಂದು ನೆಲದ ಮೇಲಿನ ಆ ಗೆರೆಯನ್ನು ನೆನೆಯಲಿ. ಫಲಿತಗಳ ಪಟ್ಟಿ ಬರೆಯದೆ ನೇರ ಉತ್ತರಕ್ಕೆ ಹಾರುವ ಅಭ್ಯಾಸ ಬಿಡಿಸಿ.

ಪರೀಕ್ಷೆಯಾಚೆಗೂ ಈ ಪಾಠಕ್ಕೆ ಕೆಲಸವಿದೆ. ಕರ್ನಾಟಕದಲ್ಲಿ ಲಾಟರಿ ಮಾರಾಟ 2007ರಲ್ಲೇ ನಿಂತಿತು, ಹಣ ಕಟ್ಟುವ ಆಟಗಳು ಮೊಬೈಲಿಗೆ ಬಂದವು. ಹತ್ತು ಅಂಕಿಯಲ್ಲಿ ಒಂದಕ್ಕೆ ಹತ್ತು ರೂಪಾಯಿ ಕಟ್ಟಿ, ಬಿದ್ದರೆ ಎಂಬತ್ತು ಕೊಡುತ್ತಾರೆ ಎಂದುಕೊಳ್ಳಿ. ನೂರು ಸಲ ಕಟ್ಟಿದರೆ ಹೋಗುವುದು ಸಾವಿರ, ಬರುವುದು ಸರಾಸರಿ ಎಂಟುನೂರು. ಈ ಲೆಕ್ಕವನ್ನು ಹದಿನೈದರ ವಯಸ್ಸಿನಲ್ಲಿ ಸ್ವಂತ ಕೈಯಿಂದ ಮಾಡಿದ ಹುಡುಗನಿಗೆ ಮುಂದೆ ಯಾರಾದರೂ ಆಸೆ ತೋರಿಸಿದರೆ ಕೇಳಲು ಒಂದು ಪ್ರಶ್ನೆಯಾದರೂ ಇರುತ್ತದೆ.

ಶಿಕ್ಷಕರಲ್ಲಿ ಒಂದು ಕೋರಿಕೆ. ಈ ಪಾಠವನ್ನು ವರ್ಷದ ಕೊನೆಯ ಎರಡು ಪೀರಿಯಡ್‌ಗೆ ತಳ್ಳಬೇಡಿ. ಜೂನ್‌ನಲ್ಲೇ ತರಗತಿಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ನಾಣ್ಯಕ್ಕೊಂದು, ಕವಡೆಗೊಂದು, ನಂಬರ್ ಪ್ಲೇಟಿಗೊಂದು ಕಾಲಂ ಇರಲಿ. ವಾರಕ್ಕೆ ಹತ್ತು ನಿಮಿಷ ಕೊಟ್ಟು ಮಕ್ಕಳಿಂದಲೇ ಎಣಿಕೆ ತುಂಬಿಸುತ್ತಾ ಹೋಗಿ. ಪುಸ್ತಕದಲ್ಲಿ ಆ ಅಧ್ಯಾಯ ಬರುವ ಹೊತ್ತಿಗೆ ನಿಮ್ಮ ತರಗತಿಯದೇ ಆದ ಸಾವಿರಾರು ಎಣಿಕೆ ಗೋಡೆಯ ಮೇಲಿರುತ್ತದೆ. ಸೂತ್ರವನ್ನು ಬೋರ್ಡಿನ ಮೇಲೆ ಅಂದು ಬರೆಯಿರಿ.